ಹಳೇ ಅಂಗಿಗೆ ಟೈ ಅಂಡ್ ಡೈ: ಕುದಿಸುವ ಬಣ್ಣವೋ, ತಣ್ಣೀರ ಬಣ್ಣವೋ, ಚೊಗರೋ, ಬ್ಲೀಚೋ?

ಮಾಸಿದ ಬಿಳಿ ಹತ್ತಿ ಅಂಗಿಗೆ ಬಣ್ಣ ಹಾಕಬೇಕು ಅಂದರೆ ಅಂಗಡಿಯಲ್ಲಿ ಮೊದಲು ಸಿಗುವುದು ನೀರಲ್ಲಿ ಕುದಿಸುವ ಪುಡಿಯ ಪೊಟ್ಟಣ. ಅದು ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಟೈ ಅಂಡ್ ಡೈಗೆ, ಅಂದರೆ ಬಟ್ಟೆಯನ್ನು ಅಲ್ಲಲ್ಲಿ ಗಂಟು ಕಟ್ಟಿ ಬಣ್ಣ ಹಾಕುವ ಕೆಲಸಕ್ಕೆ, ಅದು ಸರಿಯಾದ ಬಣ್ಣವಲ್ಲ. ಕುದಿಸುವ ಡೈರೆಕ್ಟ್ ಬಣ್ಣ, ತಣ್ಣೀರಲ್ಲಿ ಹಿಡಿಯುವ ರಿಯಾಕ್ಟಿವ್ ಬಣ್ಣ, ಅರಿಶಿನ ಅಥವಾ ಚೊಗರಿನಂಥ (ಅಡಿಕೆ ಬೇಯಿಸಿ ಉಳಿದ ನೀರು) ಸಸ್ಯದ ಬಣ್ಣ, ಕಪ್ಪು ಅಂಗಿಯ ಬಣ್ಣವನ್ನೇ ತೆಗೆಯುವ ಬ್ಲೀಚು, ಈ ನಾಲ್ಕನ್ನೂ ಹಳೇ ಅಂಗಿಗಳ ಮೇಲೆ ಮಾಡಿ ನೋಡಿದ ಮೇಲೆ ನಮ್ಮ ತೀರ್ಮಾನ ಇದು: ಹತ್ತಿ ಅಂಗಿಯಾದರೆ ರಿಯಾಕ್ಟಿವ್ ಬಣ್ಣವನ್ನು ಹುಡುಕಿ ತನ್ನಿ. ಉಳಿದ ಮೂರಕ್ಕೂ ಅದರದರದೇ ಜಾಗ ಇದೆ, ಆದರೆ ಅದು ಚಿಕ್ಕ ಜಾಗ.

ಕೆಳಗಿನ ಅಳತೆಗಳೆಲ್ಲ 200 ಗ್ರಾಂ ತೂಗುವ ಒಂದು ಅಂಗಿಗೆ. ದೊಡ್ಡವರ ಅರ್ಧ ತೋಳಿನ ಹತ್ತಿ ಅಂಗಿ ಹೆಚ್ಚುಕಮ್ಮಿ ಇಷ್ಟೇ ತೂಗುತ್ತದೆ.

ಮೊದಲು ಬಟ್ಟೆ ಯಾವುದು ನೋಡಿ

ಅಂಗಿಯ ಒಳಮಡಿಕೆಯಿಂದ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಇಲ್ಲಿ ಹೇಳುವ ಯಾವ ಬಣ್ಣವೂ ಪಾಲಿಯೆಸ್ಟರನ್ನು ಹಿಡಿಯುವುದಿಲ್ಲ. ಅರ್ಧಂಬರ್ಧ ಮಿಶ್ರಣದ ಬಟ್ಟೆಯಲ್ಲಿ ಹತ್ತಿಯ ಎಳೆ ಮಾತ್ರ ಬಣ್ಣ ಕುಡಿಯುವುದರಿಂದ ಗಾಢ ನೀಲಿ ಹಾಕಿದರೂ ತೆಳು ನೀಲಿಯೇ ಬರುತ್ತದೆ. ಇನ್ನೊಂದು ವಿಷಯ: ಅಂಗಿ ಹತ್ತಿಯದಾದರೂ ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರಿನದು. ಬಣ್ಣ ಹಾಕಿದ ಮೇಲೆ ಕಾಲರು, ಜೇಬಿನ ಸುತ್ತ ಬಿಳಿ ಹೊಲಿಗೆ ಎದ್ದು ಕಾಣುತ್ತದೆ. ಅದಕ್ಕೆ ಪರಿಹಾರವಿಲ್ಲ.

ಹಳೇ ಅಂಗಿಯ ನಿಜವಾದ ಶತ್ರು ಕಂಕುಳಿನ ಬೆವರಿನ ಕಲೆ, ಎಣ್ಣೆಯ ಕಲೆ ಮತ್ತು ವರ್ಷಗಟ್ಟಲೆ ಹಾಕಿದ ಕಂಫರ್ಟ್ ಥರದ ಮೆದುಕಾರಕದ ಪದರ. ಇವು ಇರುವಲ್ಲಿ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ. ಎರಡು ಚಮಚ ಬಟ್ಟೆ ಸೋಡಾ, ಸ್ವಲ್ಪ ಡಿಟರ್ಜೆಂಟ್ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಒಗೆದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಿದರೆ ಬಟ್ಟೆ ಸಿದ್ಧ, ಮುತ್ತಿನಂತೆ ನಿಂತರೆ ಇನ್ನೊಮ್ಮೆ ಒಗೆಯಬೇಕು. ಸುಕ್ಕುಗಟ್ಟದ ಬಟ್ಟೆ ಎಂದು ಮಾರುವ ಅಂಗಿಗಳಲ್ಲಿ ರಾಳದ ಲೇಪ ಇರುತ್ತದೆ. ಅದು ಒಗೆತಕ್ಕೆ ಹೋಗುವುದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ.

ಕುದಿಸುವ ಬಣ್ಣ, ತಣ್ಣೀರ ಬಣ್ಣ: ಎದುರುಬದುರು

ಡೈರೆಕ್ಟ್ ಬಣ್ಣದ ಕಣ ಹತ್ತಿಯ ಎಳೆಗೆ ಸುಮ್ಮನೆ ಅಂಟಿಕೊಂಡಿರುತ್ತದೆ, ರಾಸಾಯನಿಕವಾಗಿ ಬೆಸೆದಿರುವುದಿಲ್ಲ. ಬಿಸಿ ಮತ್ತು ಉಪ್ಪು ಅದನ್ನು ಎಳೆಯ ಒಳಗೆ ತಳ್ಳುತ್ತವೆ. ಒಗೆದಾಗಲೆಲ್ಲ ಒಂದಿಷ್ಟು ಹೊರಬರುತ್ತದೆ. ರಿಯಾಕ್ಟಿವ್ ಬಣ್ಣ ಹಾಗಲ್ಲ. ಸೋಡಾದ ಕ್ಷಾರದಲ್ಲಿ ಅದು ಹತ್ತಿಯ ಸೆಲ್ಯುಲೋಸಿನ ಜೊತೆಗೇ ಬೆಸೆದುಕೊಂಡು ಎಳೆಯ ಭಾಗವೇ ಆಗುತ್ತದೆ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಇಂಥ ಬಣ್ಣವನ್ನು ಮೊದಲು ಮಾರುಕಟ್ಟೆಗೆ ತಂದಿತು. ನಮ್ಮ ಬಣ್ಣದಂಗಡಿಗಳಲ್ಲಿ ಕೇಳುವಾಗ 'ಕೋಲ್ಡ್ ಬ್ರ್ಯಾಂಡ್ ರಿಯಾಕ್ಟಿವ್' ಅಥವಾ 'ಎಂ ಬ್ರ್ಯಾಂಡ್' ಎನ್ನಿ. 'ಎಚ್ ಬ್ರ್ಯಾಂಡ್' ಕೊಟ್ಟರೆ ವಾಪಸ್ ಕೊಡಿ, ಅದಕ್ಕೆ ಹೆಚ್ಚು ಬಿಸಿ ಬೇಕು, ತಣ್ಣೀರಲ್ಲಿ ಹಿಡಿಯುವುದಿಲ್ಲ.

ಕುದಿಸುವ ಬಣ್ಣಕ್ಕೆ ಸ್ಟೀಲ್ ಪಾತ್ರೆಯಲ್ಲಿ 4 ಲೀಟರ್ ನೀರು, 5 ಗ್ರಾಂ ಪುಡಿ. ಗಂಟು ಕಟ್ಟಿ ನೆನೆಸಿ ಹಿಂಡಿದ ಅಂಗಿಯನ್ನು ಹಾಕಿ ನಿಧಾನವಾಗಿ 90 ಡಿಗ್ರಿಗೆ ತನ್ನಿ. ಕಾಲು ಗಂಟೆಯ ನಂತರ 30 ಗ್ರಾಂ ಅಡುಗೆ ಉಪ್ಪನ್ನು ಎರಡು ಕಂತಿನಲ್ಲಿ ಹಾಕಿ, ಒಟ್ಟು ಮುಕ್ಕಾಲು ಗಂಟೆ ಅದೇ ಬಿಸಿಯಲ್ಲಿಟ್ಟು ಅಲ್ಲೇ ಆರಲು ಬಿಡಿ. ಉಪ್ಪನ್ನು ಮೊದಲೇ ಸುರಿದರೆ ಬಣ್ಣ ಹೊರಮಡಿಕೆಗೇ ಗಬಕ್ಕನೆ ಕೂತು ಕಲೆಕಲೆಯಾಗುತ್ತದೆ.

ಇಲ್ಲೇ ಟೈ ಅಂಡ್ ಡೈಗೆ ಪೆಟ್ಟು. ಒಂದು ಪಾತ್ರೆಗೆ ಒಂದೇ ಬಣ್ಣ. ಮುಕ್ಕಾಲು ಗಂಟೆಯ ಕುದಿಯಲ್ಲಿ ಬಣ್ಣದ ನೀರು ಗಂಟಿನೊಳಗೂ ನುಸುಳಿ, ಬಿಳಿ ಗೆರೆ ಇರಬೇಕಾದಲ್ಲಿ ಮಬ್ಬು ಅಂಚು ಉಳಿಯುತ್ತದೆ. ರಬ್ಬರ್ ಬ್ಯಾಂಡ್ ಬಿಸಿಗೆ ಸಡಿಲಾಗುತ್ತದೆ. ದಪ್ಪ ಹತ್ತಿ ದಾರವನ್ನು ಬಿಗಿಯಾಗಿ ಹತ್ತು ಹನ್ನೆರಡು ಸುತ್ತು ಸುತ್ತಿದರೆ ಮಾತ್ರ ಗೆರೆ ನಿಲ್ಲುತ್ತದೆ. ಕಡಲೆಕಾಳು ಇಟ್ಟು ಕಟ್ಟುವ ಚಿಕ್ಕ ಉಂಗುರಗಳು, ಒಂದೇ ಬಣ್ಣ, ಗಾಢ ನೆಲ, ಇಷ್ಟು ಸಾಕಾದರೆ ಕುದಿಸುವ ಬಣ್ಣ ನಡೆಯುತ್ತದೆ. ಸುರುಳಿ, ನಾಲ್ಕು ಬಣ್ಣ ಬೇಕೆಂದರೆ ಇದರಲ್ಲಿ ಆಗದ ಮಾತು.

ತಣ್ಣೀರ ಬಣ್ಣದ ಕೆಲಸ ಹೀಗೆ. 2 ಲೀಟರ್ ನೀರಿಗೆ 100 ಗ್ರಾಂ ಸೋಡಾ ಆಶ್, ಅಂದರೆ ನೀರಿನಂಶವಿಲ್ಲದ ಪುಡಿ ಬಟ್ಟೆ ಸೋಡಾ, ಕರಗಿಸಿ. ಹರಳಿನ ರೂಪದ ಬಟ್ಟೆ ಸೋಡಾ ಆದರೆ 270 ಗ್ರಾಂ ಬೇಕು, ಏಕೆಂದರೆ ಹರಳಿನ ತೂಕದಲ್ಲಿ ಶೇ. 63ರಷ್ಟು ನೀರೇ. 'ಸೋಡಾ ಹಾಕಿದ್ದೆವು, ಆದರೂ ಬಣ್ಣ ಹೋಯಿತು' ಎನ್ನುವವರ ಸಮಸ್ಯೆ ಬಹುಪಾಲು ಇಲ್ಲಿರುತ್ತದೆ. ಅಡುಗೆ ಸೋಡಾ ಕೆಲಸಕ್ಕೆ ಬಾರದು, ಅದರ ಕ್ಷಾರ ಸಾಲದು. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಬಕೆಟ್ ಸಾಕು. ಅಂಗಿಯನ್ನು ಇದರಲ್ಲಿ 20 ನಿಮಿಷ ನೆನೆಸಿ, ಗ್ಲೌಸ್ ಹಾಕಿಕೊಂಡು ಚೆನ್ನಾಗಿ ಹಿಂಡಿ, ಆಮೇಲೆ ಮಡಚಿ ಕಟ್ಟಿ. ನೀರು ತೊಟ್ಟಿಕ್ಕುವ ಬಟ್ಟೆಗೆ ಬಣ್ಣ ಬಿಟ್ಟರೆ ಒಂದರೊಳಗೊಂದು ಹರಿದು ಬೆರೆಯುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಸ್ಪಿನ್ ಮಾಡಿದಷ್ಟು ತೇವ ಇದ್ದರೆ ಗೆರೆ ಚೂಪಾಗಿ ಬರುತ್ತದೆ.

ಬಣ್ಣಕ್ಕೆ 200 ಮಿ.ಲೀ. ಉಗುರುಬೆಚ್ಚಗಿನ ನೀರಲ್ಲಿ 20 ಗ್ರಾಂ ಯೂರಿಯಾ ಕರಗಿಸಿ. ಯೂರಿಯಾ ಕರಗುವಾಗ ನೀರು ತಣ್ಣಗಾಗುತ್ತದೆ, ಆ ತಣ್ಣೀರಿಗೆ ಪುಡಿ ಸುರಿದರೆ ಗಂಟುಗಂಟಾಗುತ್ತದೆ, ಆದ್ದರಿಂದ ಬೆಚ್ಚಗೆ ಮಾಡಿಕೊಳ್ಳಿ. 40 ಡಿಗ್ರಿ ದಾಟಬಾರದು. 5 ಗ್ರಾಂ ಪುಡಿಯನ್ನು ಮೊದಲು ನಾಲ್ಕು ಹನಿ ನೀರಲ್ಲಿ ಪೇಸ್ಟ್ ಮಾಡಿ, ಮೇಲೆ ಯೂರಿಯಾ ನೀರು ಹಾಕಿ. ಕಪ್ಪು ಮತ್ತು ಟರ್ಕಾಯ್ಸ್ ನೀಲಿಗೆ ಇದರ ದುಪ್ಪಟ್ಟು ಬೇಕು. ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ಈ ಪುಡಿ ಉಸಿರಿಗೆ ಹೋದರೆ ಕೆಲವರಿಗೆ ಆಸ್ತಮಾದಂಥ ಅಲರ್ಜಿ ಬರುತ್ತದೆ.

ಮೂತಿ ಇರುವ ಸಾಸ್ ಬಾಟಲಿಯಿಂದ ಬಣ್ಣ ಬಿಡುವಾಗ ಮಡಿಕೆಗಳ ನಡುವೆ ಮೂತಿ ತೂರಿಸಿ. ಮೇಲಿಂದ ನೋಡಿದರೆ ಪೂರ್ತಿ ಬಣ್ಣ ಹಿಡಿದಂತಿರುವ ಗಂಟನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಬಿಳಿಯೇ ಇರುತ್ತದೆ. ತಿರುಗಿಸಿ ಹಿಂಬದಿಗೂ ಬಿಡಬೇಕು. ಅಕ್ಕಪಕ್ಕ ಇಡುವ ಬಣ್ಣ ಯೋಚಿಸಿ ಆರಿಸಿ: ಹಳದಿಯ ಪಕ್ಕ ಗುಲಾಬಿ, ಗುಲಾಬಿಯ ಪಕ್ಕ ನೀಲಿ. ಅವು ಸೇರುವಲ್ಲಿ ಕಿತ್ತಳೆ, ನೇರಳೆ ಬರುತ್ತವೆ. ಹಳದಿ-ನೇರಳೆ, ಕೆಂಪು-ಹಸಿರು ಪಕ್ಕಪಕ್ಕ ಬಂದರೆ ಸೇರುವಲ್ಲಿ ಕೆಸರಿನ ಬಣ್ಣ.

ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ 24 ಗಂಟೆ ಬಿಡಿ. ಬಟ್ಟೆ ಒದ್ದೆಯಾಗಿಯೂ 21 ಡಿಗ್ರಿಗಿಂತ ಬೆಚ್ಚಗೂ ಇರಬೇಕು. ಒಣಗಿದ ಕೂಡಲೇ ಬೆಸುಗೆ ನಿಂತುಹೋಗುತ್ತದೆ, ಯೂರಿಯಾ ಹಾಕುವುದು ಆ ತೇವ ಹಿಡಿದಿಡಲು. ಮಂಗಳೂರಿನ ಸೆಕೆಯಲ್ಲಿ 12 ಗಂಟೆ ಸಾಕು. ಡಿಸೆಂಬರಿನ ಬೆಂಗಳೂರಿನಲ್ಲಿ ಫ್ರಿಜ್ಜಿನ ಮೇಲೋ ಗೀಸರಿನ ಪಕ್ಕವೋ ಇಡಿ, ಇಲ್ಲದಿದ್ದರೆ ಟರ್ಕಾಯ್ಸ್ ಅರ್ಧಕ್ಕರ್ಧ ತೊಳೆದುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ತೊಂದರೆಯೇ: ಸೋಡಾ ಹಾಕಿದಾಗ ನೀರು ಹಾಲಿನಂತೆ ಬೆಳ್ಳಗಾದರೆ ಅದರಲ್ಲಿನ ಸುಣ್ಣದಂಶ ನಿಮ್ಮ ಸೋಡಾವನ್ನು ತಿನ್ನುತ್ತಿದೆ ಎಂದರ್ಥ. ಆರ್‌ಒ ಫಿಲ್ಟರಿನ ಶುದ್ಧ ನೀರು ಬಳಸಿ. ಫಿಲ್ಟರ್ ಹೊರಹಾಕುವ ನೀರು ಇನ್ನೂ ಗಡಸು, ಅದು ಬೇಡ.

ತೊಳೆಯುವ ಕ್ರಮ ತಪ್ಪಿದರೆ ಇಷ್ಟೂ ಕೆಲಸ ಹಾಳು. ಗಂಟು ಬಿಚ್ಚದೆ ನಲ್ಲಿಯ ತಣ್ಣೀರಲ್ಲಿ ಮೊದಲು ಜಾಲಾಡಿ. ಬಿಚ್ಚಿ ಮತ್ತೆ ತಣ್ಣೀರು, ಬಟ್ಟೆಯ ಜಾರುಗುಣ ಹೋಗುವವರೆಗೆ. ಆಮೇಲೆ ಗೀಸರಿನ ಪೂರ್ತಿ ಬಿಸಿನೀರಲ್ಲಿ ಚಿಟಿಕೆ ಡಿಟರ್ಜೆಂಟಿನೊಡನೆ ಕಾಲು ಗಂಟೆ. ನೀರು ತಿಳಿಯಾಗುವವರೆಗೆ ಬಿಸಿನೀರನ್ನು ಬದಲಿಸುತ್ತಿರಿ. ಬೆಸೆಯದೆ ಉಳಿದ ಬಣ್ಣವನ್ನು ಸೋಡಾ ಎಳೆಗೆ ಅಂಟಿಸಿ ಹಿಡಿದಿರುತ್ತದೆ. ಅದಕ್ಕೇ ಮೊದಲು ತಣ್ಣೀರಲ್ಲಿ ಸೋಡಾ ಹೋಗಬೇಕು, ನಂತರ ಬಿಸಿನೀರು ಸಡಿಲ ಬಣ್ಣವನ್ನು ಹೊರತೆಗೆಯಬೇಕು. ಮುಗಿಯಿತೇ ಎಂದು ನೋಡಲು ಒದ್ದೆ ಅಂಗಿಯ ಮೇಲೆ ಬಿಳಿ ಕರವಸ್ತ್ರ ಹಾಸಿ ಇಸ್ತ್ರಿ ಒತ್ತಿ. ಕರವಸ್ತ್ರಕ್ಕೆ ಬಣ್ಣ ತಾಗಿದರೆ ಇನ್ನೊಂದು ಬಿಸಿನೀರು ಬೇಕು.

ಒಗೆತದಲ್ಲಿ ಎರಡರ ಅಂತರ ಕಣ್ಣಿಗೇ ಕಾಣುತ್ತದೆ. ಮೇಲಿನಂತೆ ತೊಳೆದ ರಿಯಾಕ್ಟಿವ್ ಅಂಗಿಯನ್ನು ಬೇರೆ ಬಟ್ಟೆಗಳ ಜೊತೆಗೇ ಮೆಷಿನ್ನಿಗೆ ಹಾಕಬಹುದು. ಕುದಿಸಿದ ಬಣ್ಣದ ಅಂಗಿಯನ್ನು ಯಾವಾಗಲೂ ಬೇರೆಯಾಗಿ, ತಣ್ಣೀರಲ್ಲೇ ಒಗೆಯಬೇಕು. ಉಪ್ಪು-ವಿನೆಗರ್ ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಸಲಹೆಯಿಂದ ಹತ್ತಿಗೆ ಏನೂ ಪ್ರಯೋಜನವಿಲ್ಲ. ಬಣ್ಣದಂಗಡಿಯ ಡೈ ಫಿಕ್ಸರ್ ಮಾತ್ರ ಸ್ವಲ್ಪ ತಡೆಯುತ್ತದೆ.

ಅರಿಶಿನ ಬೇಡ, ಚೊಗರು ಇರಲಿ

ಅರಿಶಿನ ಹತ್ತಿಗೆ ತಾನಾಗಿಯೇ ಹಿಡಿಯುತ್ತದೆ, ಮೊದಲ ದಿನ ತುಂಬ ಚೆನ್ನಾಗಿಯೂ ಕಾಣುತ್ತದೆ. ಆದರೆ ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಉಟ್ಟು ಓಡಾಡುವ ಅಂಗಿಗೆ ನಾವು ಅದನ್ನು ಹೇಳುವುದಿಲ್ಲ. ಮಕ್ಕಳಿಗೆ ಗಂಟು ಕಟ್ಟುವುದನ್ನು ಕಲಿಸಲು ಒಳ್ಳೆಯದು.

ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ, ಅಡಿಕೆ ಬೇಯಿಸಿದ ಚೊಗರು. ಹೆಗ್ಗೋಡಿನ ಚರಕ ಮಹಿಳಾ ಸಂಘದ ಕೈಮಗ್ಗದ ಬಟ್ಟೆಗಳಲ್ಲಿ ಕಾಣುವ ಕೆಂಗಂದು ಇದರದೇ. ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ತುಂಬಿರುವುದರಿಂದ ಹತ್ತಿಗೆ ಹಿಡಿತ ಸಿಗುತ್ತದೆ. ಬಣ್ಣ ಹಿಡಿಸಲೆಂದು ಪಟಿಕ ಮಾತ್ರ ಹಾಕಿದರೆ ಅದು ಹತ್ತಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಮೊದಲು ಟ್ಯಾನಿನ್ ಬೇಕೇ ಬೇಕು. ಚೊಗರಿನ ಗಟ್ಟಿತನ ಒಂದೊಂದು ಮನೆಯದು ಒಂದೊಂದು ಥರ, ತುಂಡು ಬಟ್ಟೆ ಅದ್ದಿ ನೋಡಿಯೇ ನೀರು ಬೆರೆಸಿ. ಚೊಗರು ಸಿಗದ ಊರಿನಲ್ಲಿ 200 ಗ್ರಾಂ ಒಣ ದಾಳಿಂಬೆ ಸಿಪ್ಪೆಯನ್ನು 4 ಲೀಟರ್ ನೀರಲ್ಲಿ ಒಂದು ಗಂಟೆ ಕುದಿಸಿ ಸೋಸಿ. ಕಟ್ಟಿದ ಅಂಗಿಯನ್ನು ಅದರಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿಡಿ. ನಂತರ 30 ಗ್ರಾಂ ಪಟಿಕದ ನೀರಲ್ಲಿ ಅರ್ಧ ಗಂಟೆ ಅದ್ದಿದರೆ ಮಂದ ಹಳದಿ. ಪಟಿಕದ ಬದಲು 4 ಗ್ರಾಂ ಅನ್ನಭೇದಿಯ (ಫೆರಸ್ ಸಲ್ಫೇಟ್) ನೀರಲ್ಲಿ ಹತ್ತು ನಿಮಿಷ ಅದ್ದಿದರೆ ಬೂದು ಹಸಿರು. ಅನ್ನಭೇದಿ ಹೆಚ್ಚಾದರೆ ಕೆಲವು ತಿಂಗಳಲ್ಲಿ ಬಟ್ಟೆಯೇ ಜೀರ್ಣವಾಗುತ್ತದೆ.

ರಿಯಾಕ್ಟಿವ್ ಬಣ್ಣದ ಹೊಳಪು ಇವುಗಳಿಗಿಲ್ಲ, ಗೆರೆಯೂ ಮೆತ್ತಗೆ. ಮಣ್ಣಿನ ಬಣ್ಣ ಇಷ್ಟಪಡುವವರಿಗೆ ಇದರ ಮುಂದೆ ಬೇರೆ ಯಾವುದೂ ಬೇಡ.

ಕಪ್ಪು ಅಂಗಿಗೆ ಬ್ಲೀಚು

ಗಾಢ ಬಣ್ಣದ ಅಂಗಿಯ ಮೇಲೆ ಯಾವ ಬಣ್ಣವೂ ಕಾಣದು, ಅಲ್ಲಿ ತೆಗೆಯುವುದೊಂದೇ ದಾರಿ. ಒಳಅಂಚಿಗೆ ಒಂದು ಹನಿ ಬ್ಲೀಚ್ ಬಿಟ್ಟು ಐದು ನಿಮಿಷ ಕಾಯಿರಿ. ಕೆಲವು ಕಪ್ಪು ಜಪ್ಪಯ್ಯ ಅನ್ನುವುದಿಲ್ಲ, ಕೆಲವು ತುಕ್ಕಿನ ಕಿತ್ತಳೆಗೆ ತಿರುಗುತ್ತವೆ. ಪಾಲಿಯೆಸ್ಟರ್ ಬದಲಾಗುವುದಿಲ್ಲ. ರೇಷ್ಮೆ, ಉಣ್ಣೆ, ಹಿಗ್ಗುವ ಸ್ಪ್ಯಾಂಡೆಕ್ಸನ್ನು ಬ್ಲೀಚ್ ತಿಂದುಹಾಕುತ್ತದೆ.

ಶೇ. 4-5ರ ಹೈಪೋಕ್ಲೋರೈಟ್ ಬ್ಲೀಚಿಗೆ ಅಷ್ಟೇ ನೀರು ಬೆರೆಸಿ, ತೇವದ ಗಂಟಿಗೆ ಬಾಟಲಿಯಿಂದ ಬಿಡಿ. ಕಿಟಕಿ ತೆರೆದಿರಲಿ. ಹತ್ತು ನಿಮಿಷ ದಾಟಿಸಬೇಡಿ, ಬೇಕಾದ ಬಣ್ಣ ಬಂದ ಕೂಡಲೇ ಜಾಲಾಡಿ. ನೀರಿನಿಂದ ಮಾತ್ರ ಬ್ಲೀಚ್ ಪೂರ್ತಿ ಹೋಗುವುದಿಲ್ಲ, ಉಳಿದದ್ದು ಎಳೆಯನ್ನು ತಿನ್ನುತ್ತಲೇ ಇರುತ್ತದೆ. ಲೀಟರಿಗೆ 5 ಗ್ರಾಂ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿದ ನೀರಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ತೊಳೆಯಿರಿ. ವಿನೆಗರ್, ನಿಂಬೆ, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬ್ಲೀಚಿನ ಹತ್ತಿರ ತರಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಹೀಗೆ ತೆಗೆದ ಜಾಗಕ್ಕೆ ರಿಯಾಕ್ಟಿವ್ ಬಣ್ಣ ತುಂಬಿದರೆ ಕಪ್ಪು ನೆಲದ ಮೇಲೆ ಗುಲಾಬಿ, ಇಟ್ಟಿಗೆ ಕೆಂಪು, ಕಂದುಹಸಿರು ಬರುತ್ತವೆ. ತೆರೆದ ಜಾಗ ಕಿತ್ತಳೆಯಾಗಿರುವುದರಿಂದ ಶುದ್ಧ ನೀಲಿ ಮಾತ್ರ ಬಾರದು. ಹೈಪೋ ಪೂರ್ತಿ ಹೋಗಿರಲೇಬೇಕು, ಅದು ಉಳಿದರೆ ಹೊಸ ಬಣ್ಣಕ್ಕೂ ಅಡ್ಡಿ.

ಉಳಿದ ಬಣ್ಣವನ್ನು ಚೆಲ್ಲಬೇಕಿಲ್ಲ. ಸೋಡಾ ತಾಗದ ರಿಯಾಕ್ಟಿವ್ ದ್ರಾವಣ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ಹೆಸರು ಬರೆದಿಡಿ. ಸೋಡಾ ಬೆರೆತರೆ ಒಂದು ಗಂಟೆಯಲ್ಲಿ ಅದರ ಶಕ್ತಿ ಹೋಗುತ್ತದೆ. ಒಣ ಪುಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ತಾಗದಂತಿದ್ದರೆ ಮುಂದಿನ ವರ್ಷಕ್ಕೂ ಬರುತ್ತದೆ.