ಬಿಲ್ಲಿಂಗ್ ಕಂಪ್ಯೂಟರ್ ಇಟ್ಟಿರುವ ಹೋಟೆಲಿನವರು ಒಮ್ಮೆ ಓದಿ

ಹೋದ ಆಯುಧಪೂಜೆಗೆ ಮಧ್ಯಾಹ್ನವೇ ಹೋಟೆಲ್ ಬಾಗಿಲು ಹಾಕಿ, ಗ್ರೈಂಡರು, ತಕ್ಕಡಿ, ಒಲೆಗಳ ಜೊತೆ ಗಲ್ಲಾದ ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದ್ದೆ. ಮಾನಿಟರ್ ಆರಿಸಿದೆ, ಸಿಪಿಯು ಹಾಗೇ ಚಾಲೂ ಬಿಟ್ಟೆ. "ರಾತ್ರಿ ಬ್ಯಾಕಪ್ ತಗೊಳ್ಳುತ್ತೆ ಸಾರ್, ಆಫ್ ಮಾಡ್ಬೇಡಿ" ಅಂತ ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ಹೇಳಿದ್ದ.

ವಿಜಯದಶಮಿ ಬೆಳಿಗ್ಗೆ 5.30ಕ್ಕೆ ಬಂದು ಮಾನಿಟರ್ ಹಾಕಿದರೆ ಪರದೆಯ ಮೇಲಿನ ಚಿತ್ರಗಳೆಲ್ಲ ಬಿಳಿ ಹಾಳೆಯಂತೆ ಕಾಣುತ್ತಿದ್ದವು. ಬಿಲ್ಲಿಂಗ್ ತೆರೆಯಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲು ನಮ್ಮದು, ಮೊದಲ ಟ್ರಿಪ್ಪಿನ ಡ್ರೈವರು ಕಂಡಕ್ಟರುಗಳು ಟೋಕನ್‌ಗೆ ಆಗಲೇ ನಿಂತಿದ್ದರು. ಫೋಲ್ಡರ್ ತೆಗೆದು ನೋಡಿದೆ. ಪ್ರತಿ ಫೈಲಿನ ಹೆಸರಿಗೂ ಬಾಲದಂತೆ ಒಂದಿಷ್ಟು ಅಕ್ಷರ, ಒಂದು ಇಮೇಲ್ ವಿಳಾಸ. ಪಕ್ಕದಲ್ಲಿ ಇಂಗ್ಲಿಷಿನ ಚೀಟಿ: ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಬಿಟ್‌ಕಾಯಿನ್ ಕೊಡಿ, ತಡ ಮಾಡಿದರೆ ದುಡ್ಡು ಜಾಸ್ತಿಯಾಗುತ್ತದೆ.

ನಾನು ಗಾಬರಿಯಾಗಲಿಲ್ಲ, ನಿಜ ಹೇಳುತ್ತೇನೆ. ಸಿಪಿಯು ಹಿಂದೆ ಬ್ಯಾಕಪ್ ಪೆನ್‌ಡ್ರೈವ್ ಇತ್ತಲ್ಲ! ಎರಡು ವರ್ಷದಿಂದ ಅಲ್ಲೇ ಸಿಕ್ಕಿಸಿದ್ದು, ಜಿಡ್ಡು ಧೂಳು ಹಿಡಿದು ಕಿತ್ತರೂ ಬರಲೊಲ್ಲದು. ಒರೆಸಿ ಮನೆಯ ಲ್ಯಾಪ್‌ಟಾಪಿಗೆ ಹಾಕಿದೆ. ಅದರೊಳಗಿನ ಬ್ಯಾಕಪ್ ಫೈಲುಗಳಿಗೂ ಅದೇ ಬಾಲ, ಅದೇ ಇಮೇಲ್. ಆಗ ಕೈ ನಡುಗಿತು. ಸೋಂಕು ತಗುಲಿರಬಹುದಾದ ಪೆನ್‌ಡ್ರೈವನ್ನು ಇನ್ನೊಂದು ಮೆಷಿನ್ನಿಗೆ ಹಾಕಿದ್ದೂ ತಪ್ಪೇ. ಲ್ಯಾಪ್‌ಟಾಪ್ ಉಳಿದದ್ದು ಅದೃಷ್ಟ.

ಕಳ್ಳ ಬಂದದ್ದು ಹೇಗೆ ಅಂತ ಪರಿಚಯದ ಹಾರ್ಡ್‌ವೇರ್ ಹುಡುಗನೊಬ್ಬ ಕೂತು ಹುಡುಕಿದ. ವಿಂಡೋಸ್ ತಾನೇ ಬರೆದಿಟ್ಟುಕೊಳ್ಳುವ ಲಾಗಿನಲ್ಲಿ ರಾತ್ರಿ 2.11ಕ್ಕೆ 'ಅಡ್ಮಿನ್' ಹೆಸರಲ್ಲಿ ಹೊರಗಿನಿಂದ ಯಾರೋ ಲಾಗಿನ್ ಆದದ್ದು ಸಿಕ್ಕಿತು. ವೈರಸ್ ಮೇಲ್ ಅಲ್ಲ, ಯಾವ ಲಿಂಕೂ ಅಲ್ಲ, ನೆಟ್ಟಗೆ ಮುಂಬಾಗಿಲಿಂದಲೇ. ನಮ್ಮ ಸಾಫ್ಟ್‌ವೇರಿನವರು ತಮ್ಮ ಆಫೀಸಿನಿಂದಲೇ ರಿಪೇರಿ ಮಾಡಲು ಅನುಕೂಲವಾಗಲಿ ಅಂತ ರೌಟರಿನಲ್ಲಿ 3389 ಅನ್ನೋ ಪೋರ್ಟ್ ತೆರೆದಿಟ್ಟಿದ್ದರಂತೆ. ಅದು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಾಗಿಲು, ದೂರದಲ್ಲಿ ಕೂತೇ ಕಂಪ್ಯೂಟರ್ ನಡೆಸುವ ದಾರಿ. ಹೀಗೆ ತೆರೆದಿರುವ ಬಾಗಿಲನ್ನು ಇಂಟರ್‌ನೆಟ್ಟಿನಲ್ಲಿ ಹಗಲು ರಾತ್ರಿ ಹುಡುಕುವುದಕ್ಕೇ ಪ್ರೋಗ್ರಾಮುಗಳಿವೆ, ಸಿಕ್ಕಿದ ಕಡೆ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುತ್ತವೆ. ನಮ್ಮ ಪಾಸ್‌ವರ್ಡ್ ಹೋಟೆಲಿನ ಹೆಸರು, ಮುಂದೆ 123. ಮೇಲಾಗಿ ವಿಂಡೋಸ್ 7, ಅದೂ ಲೈಸೆನ್ಸ್ ಇಲ್ಲದೆ ಕ್ರ್ಯಾಕ್ ಮಾಡಿದ್ದು. 2020ರ ಜನವರಿಗೇ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಈಗ ವಿಂಡೋಸ್ 10 ಇಟ್ಟುಕೊಂಡವರ ಕಥೆಯೂ ಅಷ್ಟೇ, 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿದೆ.

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ. "ಅದು ನಿಮ್ಮ ಸಿಸ್ಟಮ್ ಪ್ರಾಬ್ಲಮ್ ಸಾರ್, ಎಎಂಸಿಲಿ ಬರಲ್ಲ." (ಎಎಂಸಿ ಅಂದರೆ ವರ್ಷದ ರಿಪೇರಿ ಒಪ್ಪಂದ.) ಬಾಗಿಲು ತೆಗೆದಿಟ್ಟವರು ನೀವು ತಾನೇ ಅಂದೆ. ಸೀನಿಯರ್ ಕೈಲಿ ಮಾತಾಡಿಸ್ತೀನಿ ಅಂದವನು ಆಮೇಲೆ ಫೋನ್ ಎತ್ತಲಿಲ್ಲ.

ಬಿಲ್ ಹೋದರೆ ಹೋಗಲಿ, ಪುಸ್ತಕದಲ್ಲಿ ಬರೆದುಕೊಂಡು ವ್ಯಾಪಾರ ನಡೆಸಬಹುದು. ನಡೆಸಿದೆವು ಕೂಡ. ಸಪ್ಲೈಯರ್ ಹುಡುಗರು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆರ್ಡರ್ ಕೂಗತೊಡಗಿದರು, ಭಟ್ಟರಿಗಂತೂ ಹಳೇ ಕಾಲ ವಾಪಸ್ ಬಂದಷ್ಟು ಖುಷಿ. ಹೊಟ್ಟೆಗೆ ಹೊಡೆದದ್ದು ಎರಡು ಲೆಕ್ಕ. ಒಂದು, ತಿಂಗಳ ಖಾತೆ. ಎರಡು ಆಫೀಸು, ಒಂದು ಲಾಡ್ಜು ತಿಂಗಳಿಗೊಮ್ಮೆ ದುಡ್ಡು ಕೊಡುತ್ತಿದ್ದವು, ಸೆಪ್ಟೆಂಬರಿನ ಬಾಕಿಯೆಲ್ಲ ಆ ಮೆಷಿನ್ನಿನಲ್ಲೇ. "ಎಷ್ಟಾಯ್ತು ಹೇಳಿ, ಕೊಡ್ತೀವಿ" ಅಂದರು. ಎಷ್ಟಾಯ್ತು ಅಂತ ನಾನೇ ಅವರನ್ನು ಕೇಳಬೇಕಾದ ಸ್ಥಿತಿ. ಲಾಡ್ಜಿನ ಮ್ಯಾನೇಜರು ತಮ್ಮ ಡೈರಿ ನೋಡಿ ಪೈಸೆ ಪೈಸೆ ಕೊಟ್ಟರು. ಒಂದು ಆಫೀಸಿನವರು ಅಂದಾಜಿನ ಮೇಲೆ ಕೊಟ್ಟರು, ಆ ಅಂದಾಜು ಯಾರ ಕಡೆಗೆ ವಾಲಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಜಿಎಸ್‌ಟಿ. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಹಿಂದಿನ ತಿಂಗಳ ಮಾರಾಟದ ವಿವರ ಹಾಕಬೇಕು, ಸೆಪ್ಟೆಂಬರಿನ ಒಂದು ದಿನದ ಒಟ್ಟು ಮೊತ್ತವೂ ಕೈಯಲ್ಲಿಲ್ಲ. ಅಲ್ಲಿ ಕಾಪಾಡಿದ್ದು ನಮ್ಮಪ್ಪ. ದಿನಾ ರಾತ್ರಿ ಗಲ್ಲಾ ಮುಚ್ಚುವಾಗ ಪ್ರಿಂಟರಿನಿಂದ ಬರುವ ದಿನದ ಮೊತ್ತದ ಚೀಟಿಯನ್ನು ಅಪ್ಪ ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಕಂಪ್ಯೂಟರಿನಲ್ಲೇ ಇರುತ್ತಲ್ಲ, ಈ ಕಸ ಯಾಕೆ ಅಂತ ನಾನೇ ನಕ್ಕಿದ್ದೆ. ತಂತಿ ಬಿಚ್ಚಿ ಒಂದೊಂದೇ ಚೀಟಿ ಟೇಬಲ್ ಮೇಲೆ ಹರಡಿದೆವು. ತಂತಿ ನೇತಾಡುತ್ತಿದ್ದದ್ದು ದೋಸೆ ಕಾವಲಿ ಪಕ್ಕದ ಗೋಡೆಗೆ. ಬಿಲ್ಲಿನ ಆ ಕಾಗದ ಬಿಸಿಗೆ ಕಪ್ಪಾಗುತ್ತದೆ, ಅಕ್ಷರ ಮೂಡುವುದೇ ಬಿಸಿಯಿಂದ. ಗೋಡೆ ಕಡೆಯ ಒಂಬತ್ತು ಚೀಟಿ ಪೂರ್ತಿ ಕಪ್ಪು, ಉಳಿದವು ಓದಲು ಬಂದವು. ಆ ಒಂಬತ್ತು ದಿನಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಯುಪಿಐ ಜಮಾ, ಅಪ್ಪನ ನಗದು ಪುಸ್ತಕ, ಸ್ವಿಗ್ಗಿ ಜೊಮ್ಯಾಟೊದವರ ರಿಪೋರ್ಟು ಎಲ್ಲ ಜೋಡಿಸಿ ಲೆಕ್ಕ ಕೂರಿಸಿದೆವು. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು ಅಂತ ಆಡಿಟರು ಬೈದದ್ದು ಬೇರೆ.

ದುಡ್ಡು ಕೊಡಲಿಲ್ಲ. ಕೊಟ್ಟರೂ ಕೀಲಿ ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಅಡ್ವಾನ್ಸ್ ಹಾಕಿ, ನಾನು ತೆಗೆದುಕೊಡ್ತೀನಿ ಅಂತ ಒಬ್ಬ ರಿಕವರಿ ಆಸಾಮಿಯೂ ಗಂಟುಬಿದ್ದ. ಹೀಗೆ ಬರುವವರಲ್ಲಿ ಕೆಲವರು ಗುಟ್ಟಾಗಿ ಆ ಕಳ್ಳನಿಗೇ ದುಡ್ಡು ಕಟ್ಟಿ, ಮೇಲೆ ತಮ್ಮ ಪಾಲು ಇಟ್ಟುಕೊಳ್ಳುವವರೇ. 2016ರಲ್ಲಿ ಯೂರೋಪೋಲ್ ಮತ್ತು ನೆದರ್‌ಲೆಂಡ್ಸ್ ಪೊಲೀಸರು ಸೇರಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬೀಗಗಳಿಗೆ ಪುಕ್ಕಟೆ ಕೀಲಿ ಇದೆ, ನಮ್ಮದಕ್ಕೆ ಇರಲಿಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಟ್ಟೆ. ಬೀಗ ಬಿದ್ದ ಹಾರ್ಡ್‌ಡಿಸ್ಕನ್ನು ಅಳಿಸದೆ ಹಾಗೇ ಎತ್ತಿಟ್ಟಿದ್ದೇನೆ, ಎಂದಾದರೂ ಕೀಲಿ ಹೊರಬಂದೀತು.

ಈಗ ಲೈಸೆನ್ಸ್ ಇರುವ ವಿಂಡೋಸ್ 11. ಕ್ಯಾಷಿಯರ್ ಹುಡುಗನ ಲಾಗಿನ್‌ನಲ್ಲಿ ಹೊಸ ಪ್ರೋಗ್ರಾಮ್ ಹಾಕಲು ಬರುವುದಿಲ್ಲ, ವಾಟ್ಸ್ಯಾಪ್, ಸಿನಿಮಾ ಏನೂ ಇಲ್ಲ. ಗಿರಾಕಿಗಳ ವೈಫೈ ಬೇರೆ, ಬಿಲ್ಲಿಂಗ್ ನೆಟ್ ಬೇರೆ. ಪೋರ್ಟ್ ಮುಚ್ಚಿದೆ. ರಿಪೇರಿಗೆ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಮ್) ಬೇಕಾದರೆ ನಾನು ಎದುರಿಗೆ ಕೂತು ಒಪ್ಪಿಗೆ ಒತ್ತಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಒಬ್ಬೊಬ್ಬರಿಗೂ ಬೇರೆ ಪಿನ್, ಬಿಲ್ ಕ್ಯಾನ್ಸಲ್ ಮಾಡಲು ನನ್ನ ಪಿನ್. (ಪಿನ್ ಬಂದ ಮೇಲೆ ಕ್ಯಾನ್ಸಲ್ ಬಿಲ್ಲುಗಳು ತಾವಾಗಿಯೇ ಕಡಿಮೆಯಾದವು, ಅದು ಇನ್ನೊಂದು ದಿನದ ಕಥೆ.) ಬ್ಯಾಕಪ್ಪಿಗೆ ಎರಡು ಹಾರ್ಡ್‌ಡಿಸ್ಕ್. ಕಾಪಿ ಆದ ತಕ್ಷಣ ಕಿತ್ತು, ಒಂದನ್ನು ಅಪ್ಪ ಟಿಫನ್ ಬ್ಯಾಗಿನಲ್ಲಿ ಮನೆಗೆ ಒಯ್ಯುತ್ತಾರೆ, ಮಾರನೇ ದಿನ ಇನ್ನೊಂದು. ತಿಂಗಳಿಗೊಮ್ಮೆ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ನಿನ್ನೆಯ ಬಿಲ್ ನಿಜಕ್ಕೂ ಕಾಣುತ್ತದಾ ಅಂತ ನೋಡುತ್ತೇನೆ.

ಹೋದ ವಾರ ಪಕ್ಕದ ಬೇಕರಿಗೆ ಅದೇ ಕಂಪನಿಯ ಹೊಸ ಹುಡುಗ ಬಂದು ಬಿಲ್ಲಿಂಗ್ ಹಾಕಿ ಹೋಗಿದ್ದ. ಬನ್ ತರಲು ಹೋದವನು ಪಾಸ್‌ವರ್ಡ್ ಏನು ಇಟ್ಟಿದ್ದಾನೆ ಅಂತ ಕೇಳಿದೆ. ಬೇಕರಿಯ ಹೆಸರು, ಮುಂದೆ 123. ಅಲ್ಲೇ ನಿಂತು ಬದಲಾಯಿಸಿಸಿದೆ, ಸಿಪಿಯು ಹಿಂದೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಕಿತ್ತು ಮಾಲೀಕರ ಕೈಗೆ ಕೊಟ್ಟೆ. ರೌಟರನ್ನು ಹಬ್ಬದ ಸೀಸನ್ ಮುಗಿದ ಮೇಲೆ ನೋಡೋಣ ಅಂದಿದ್ದಾರೆ. ನಾಳೆ ಮತ್ತೆ ಹೋಗುತ್ತೇನೆ.