ಒಂದೇ ಸಂಕರದ ಮೂರು ಕಡುಗೆಂಪು ಗುಲಾಬಿಗಳು: ಸಣ್ಣ ಕೈತೋಟಕ್ಕೆ ಯಾವುದು ಹೊಂದುತ್ತದೆ?

ಕಡುಗೆಂಪು ಬಣ್ಣದ, ಘಮಘಮಿಸುವ ಹೈಬ್ರಿಡ್ ಟೀ (ಉದ್ದ ದಂಟಿನ ತುದಿಯಲ್ಲಿ ದೊಡ್ಡ ಹೂ ಬಿಡುವ ಬಗೆಯ) ಗುಲಾಬಿ ಬೇಕೆಂದು ಹುಡುಕಿಕೊಂಡು ಹೊರಟವರಿಗೆ ಹೆಚ್ಚಾಗಿ ಎದುರಾಗುವ ಹೆಸರುಗಳು ಮಿಸ್ಟರ್ ಲಿಂಕನ್, ಪಾಪಾ ಮೆಯಾಂ ಮತ್ತು ಓಕ್ಲಹೋಮಾ. ಈ ಮೂರೂ ಒಡಹುಟ್ಟಿದ ತಳಿಗಳು. ಮೂರಕ್ಕೂ ಕ್ರೈಸ್ಲರ್ ಇಂಪೀರಿಯಲ್ ತಾಯಿ, ಷಾರ್ಲ್ ಮಾಲೆರಾಂ ತಂದೆ. ಫ್ರಾನ್ಸಿನಲ್ಲಿ ಆಲೇನ್ ಮೆಯಾಂ ಅವರು ಈ ಸಂಕರದಿಂದ ಪಡೆದ ಗಿಡಕ್ಕೆ ತಮ್ಮ ಅಜ್ಜ ಆಂತ್ವಾನ್ ಮೆಯಾಂ ಅವರ ಗೌರವಾರ್ಥ ಪಾಪಾ ಮೆಯಾಂ ಎಂದು ಹೆಸರಿಟ್ಟು 1963ರಲ್ಲಿ ಹೊರತಂದರು. ಕ್ಯಾಲಿಫೋರ್ನಿಯಾದ ಸ್ವಿಮ್ ಮತ್ತು ವೀಕ್ಸ್ ಜೋಡಿ ಅದೇ ತಾಯಿ-ತಂದೆಯರಿಂದ ಪಡೆದ ಮಿಸ್ಟರ್ ಲಿಂಕನ್ ಮತ್ತು ಓಕ್ಲಹೋಮಾ ತಳಿಗಳು 1964ರಲ್ಲಿ ಬಂದವು. ಗುಲಾಬಿಯ ಬೀಜದಿಂದ ಹುಟ್ಟಿದ ಎರಡು ಸಸಿಗಳು ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಬಣ್ಣದಲ್ಲಿಯೂ ಪರಿಮಳದಲ್ಲಿಯೂ ಇಷ್ಟು ಹತ್ತಿರವಿರುವ ಈ ಮೂರು ಗಿಡಗಳು ಸ್ವಭಾವದಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಹೂವಿನ ಚಿತ್ರ ನೋಡಿ ಆರಿಸುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಸಣ್ಣ ಕೈತೋಟದಲ್ಲಿ ಮಾತ್ರ ಅದೇ ಮುಖ್ಯವಾಗುತ್ತದೆ.

ನಾನು ಇವುಗಳನ್ನು ಬೆಳೆಸುತ್ತಿರುವುದು ಬೆಂಗಳೂರಿನಲ್ಲಿ, ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂಡಣ ದಿಕ್ಕಿನ ಕಿರಿದಾದ ಪಟ್ಟಿಯಲ್ಲಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತದೆ, ಆಮೇಲೆ ಮನೆಯ ನೆರಳು ಬರುತ್ತದೆ. ಹೋಲಿಕೆ ನ್ಯಾಯವಾಗಿರಲಿ ಎಂದು ಮೂರನ್ನೂ ಎಡ್ವರ್ಡ್ ಎಂಬ ಗುಲಾಬಿಯ ಬೇರುಗಿಡದ ಮೇಲೆ ಕಣ್ಣು ಕಸಿ ಮಾಡಿದ ಸಸಿಗಳಾಗಿಯೇ ತಂದು, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಿದ ಒಂದೇ ಬಗೆಯ ಗುಂಡಿಗಳಲ್ಲಿ ನೆಟ್ಟು, ಒಂದೇ ನೀರನ್ನು ಹಾಯಿಸಿದ್ದೇನೆ. ನೀರಿನ ವಿಷಯ ಇಲ್ಲಿ ಹೇಳಲೇಬೇಕು. ಗುಲಾಬಿಗೆ ತುಸು ಆಮ್ಲೀಯವಾದ ಮಣ್ಣು ಹಿತ; ನಮ್ಮ ಕೊಳವೆಬಾವಿಯ ಗಡಸು ನೀರನ್ನೇ ಸತತವಾಗಿ ಹಾಯಿಸಿದರೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತವೆ, ಏಕೆಂದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಈ ತೊಂದರೆ ಮೂರಕ್ಕೂ ಸಮಾನವಾಗಿ ಬಂದಿತು, ಮಳೆನೀರು ಸಂಗ್ರಹಿಸಿ ಹಾಕಲು ಆರಂಭಿಸಿದ ಮೇಲೆ ಸಮಾನವಾಗಿಯೇ ಹೋಯಿತು.

ಗಿಡವಾಗಿ ನೋಡಿದರೆ ಮಿಸ್ಟರ್ ಲಿಂಕನ್ನಿಗೆ ಸಾಟಿಯಿಲ್ಲ. ಅದು ಅಗಲಕ್ಕೆ ಹರಡದೆ ನೇರವಾಗಿ ಮೇಲಕ್ಕೆ ಹೋಗುತ್ತದೆ. ಆಳೆತ್ತರಕ್ಕೆ ಬೆಳೆದರೂ ನೆಲದಲ್ಲಿ ಹಿಡಿಯುವ ಜಾಗ ಕಡಿಮೆ. ಕಾಂಪೌಂಡ್ ಗೋಡೆಯ ಬದಿಯ ಪಟ್ಟಿಗೆ ಇದಕ್ಕಿಂತ ಹೊಂದುವ ಬೆಳವಣಿಗೆ ಬೇರೊಂದಿಲ್ಲ. ಹೂವು ಉದ್ದನೆಯ, ಗಟ್ಟಿಯಾದ ಒಂಟಿ ದಂಟಿನ ತುದಿಯಲ್ಲಿ ಬರುವುದರಿಂದ ಕೊಯ್ದು ಹೂದಾನಿಯಲ್ಲಿಡಲು ಚೆನ್ನಾಗಿದೆ. ದೇವರ ಪಟಕ್ಕೋ ಮುಡಿಗೋ ಹೂವನ್ನಷ್ಟೇ ಚಿವುಟುವ ರೂಢಿ ನಮ್ಮ ಮನೆಗಳಲ್ಲಿದೆ. ಈ ಗಿಡದಲ್ಲಿ ಹಾಗೆ ಮಾಡಿದರೆ ತುದಿಯಲ್ಲಿ ಸಣಕಲು ಚಿಗುರು ಹುಟ್ಟಿ ಎತ್ತರ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಐದು ಕಿರುಎಲೆಗಳಿರುವ, ಹೊರಮುಖದ ಕಣ್ಣುಳ್ಳ ಗೆಣ್ಣಿನ ಮೇಲೆ ದಂಟು ಸಮೇತ ಕತ್ತರಿಸಬೇಕು. ಇದರ ಕೊರತೆಯೆಂದರೆ ಹೂವು ಅರಳುವ ಅವಸರ. ಮೂವತ್ತರಿಂದ ನಲವತ್ತರೊಳಗಿನ ಎಸಳುಗಳ ಈ ಹೂವು ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಮೊಗ್ಗಾಗಿದ್ದು, ಮರುದಿನದ ಹೊತ್ತಿಗೆ ಹಳದಿ ಕೇಸರಗಳನ್ನು ತೋರಿಸುತ್ತಾ ಬಟ್ಟಲಿನಂತೆ ತೆರೆದುಕೊಂಡುಬಿಡುತ್ತದೆ. ಡಿಸೆಂಬರಿನಲ್ಲಿ ಅದೇ ಹೂವು ಹಲವು ದಿನ ಆಕಾರ ಕಾಯ್ದುಕೊಳ್ಳುತ್ತದೆ. ಅಮೆರಿಕದಲ್ಲಿ 1965ರ ಆಲ್ ಅಮೆರಿಕ ಗುಲಾಬಿ ಪ್ರಶಸ್ತಿ ಇದಕ್ಕೆ ಸಂದಿತು. ಗಿಡದ ಚೈತನ್ಯವನ್ನು ಕಂಡವರಿಗೆ ಅದರಲ್ಲಿ ಆಶ್ಚರ್ಯವಿರಲಾರದು.

ಪಾಪಾ ಮೆಯಾಂ ತಳಿಯ ಹೂವಿನ ಮುಂದೆ ಮಾತ್ರ ಉಳಿದೆರಡೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಅದರ ಮೊಗ್ಗು ಬಿಚ್ಚಿಕೊಳ್ಳುವ ಮೊದಲು ಹೊರ ಎಸಳುಗಳ ಅಂಚಿನಲ್ಲಿ ಕಪ್ಪೆಂದೇ ಹೇಳಬಹುದಾದ ನೆರಳಿರುತ್ತದೆ. ಎಸಳು ಹಿಂದಕ್ಕೆ ಬಾಗಿದಂತೆ ಒಳಗಿನ ಕೆಂಪು ಮಖಮಲ್ಲಿನ ಹಾಗೆ ಬೆಳಕನ್ನು ಹೀರುತ್ತದೆ. ಎಸಳಿನ ಮೇಲ್ಪದರದ ಜೀವಕೋಶಗಳು ಶಂಕುವಿನಾಕಾರದಲ್ಲಿ ಉಬ್ಬಿರುವುದೇ ಈ ಮಖಮಲ್ಲಿನ ನೋಟಕ್ಕೆ ಕಾರಣ. ಬೆರಳಿನಿಂದ ಒತ್ತಿ ಉಜ್ಜಿದ ಕಡೆ ಆ ಹೊಳಪು ಅಳಿದು ಬರಿಯ ಕೆಂಪು ಉಳಿಯುವುದನ್ನು ಯಾರು ಬೇಕಾದರೂ ನೋಡಬಹುದು. ವಿಶ್ವ ಗುಲಾಬಿ ಸಂಘಗಳ ಒಕ್ಕೂಟವು 1988ರಲ್ಲಿ ಈ ತಳಿಯನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. ಪರಿಮಳ ಗಾಢವಾದರೂ ಹಿತಮಿತವಾದದ್ದು. ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿನಲ್ಲಿ ಅದು ಅತ್ಯಂತ ಚೆನ್ನಾಗಿರುತ್ತದೆ.

ಆದರೆ ಇಂತಹ ಹೂವನ್ನು ಕೊಡುವ ಗಿಡ ನಾಜೂಕಿನದು. ನವೆಂಬರಿನಿಂದ ಫೆಬ್ರವರಿಯವರೆಗೆ, ರಾತ್ರಿ ತಂಪಾಗಿ ಹಗಲು ಒಣ ಬಿಸಿಲಿರುವ ಬೆಂಗಳೂರಿನ ಹವೆ ಬೂದಿ ರೋಗಕ್ಕೆ ಹೇಳಿ ಮಾಡಿಸಿದಂತಿದೆ, ಮತ್ತು ಅದು ಮೂರರಲ್ಲಿ ಮೊದಲು ಹಿಡಿಯುವುದು ಪಾಪಾ ಮೆಯಾಂ ಗಿಡವನ್ನೇ. ಎಲೆಗಳಿಗಿಂತ ಮುಂಚೆ ಮೊಗ್ಗಿನ ಕೆಳಗಿನ ತೊಟ್ಟನ್ನು ಗಮನಿಸಬೇಕು: ಅಲ್ಲಿನ ಸಣ್ಣ ರೋಮಗಳ ನಡುವೆ ಹಿಟ್ಟು ಉದುರಿಸಿದಂತೆ ಬಿಳುಪು ಕಂಡರೆ ವಾರದೊಳಗೆ ಎಳೆ ಎಲೆಗಳೆಲ್ಲ ಮುದುಡುತ್ತವೆ. ಆ ಹಂತದಲ್ಲೇ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಮಿನಂತೆ ಬೆರೆಸಿ, ಬಿಸಿಲೇರುವ ಮುನ್ನ ಸಿಂಪಡಿಸಿದರೆ ರೋಗ ಹಿಡಿತಕ್ಕೆ ಬರುತ್ತದೆ. ಮಿಸ್ಟರ್ ಲಿಂಕನ್ನಿಗೂ ಈ ರೋಗ ತಗಲುತ್ತದೆ, ಆದರೆ ಅದು ಚೇತರಿಸಿಕೊಳ್ಳುವ ವೇಗ ಬೇರೆ. ಪಾಪಾ ಮೆಯಾಂ ಸವರುವಿಕೆಯನ್ನೂ ಅಷ್ಟಾಗಿ ಸಹಿಸುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಮಿಸ್ಟರ್ ಲಿಂಕನ್ನನ್ನು ಅರ್ಧಕ್ಕೆ ಕತ್ತರಿಸಿದರೂ ಬುಡದಿಂದ ಹೊಸ ಕೊಂಬೆಗಳನ್ನು ಹೊಮ್ಮಿಸುತ್ತದೆ. ಪಾಪಾ ಮೆಯಾಂ ಗಿಡಕ್ಕೆ ಹಾಗೆ ಮಾಡಿದರೆ ಕತ್ತರಿಸಿದ ತುದಿಯಿಂದ ಕಂದು ಬಣ್ಣ ಕೆಳಗಿಳಿಯುತ್ತಾ ಕೊಂಬೆಯೇ ಒಣಗುವ ಅಪಾಯವಿದೆ. ಅದಕ್ಕೆ ಒಣ ಕಡ್ಡಿ ಮತ್ತು ಸಣಕಲು ಕೊಂಬೆಗಳನ್ನು ಮಾತ್ರ, ದಂಟಿನ ಒಳಗಿನ ತಿರುಳು ಬೆಳ್ಳಗೆ ಕಾಣುವಷ್ಟು ಕೆಳಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ) ಹಚ್ಚುವುದೇ ಕ್ಷೇಮ.

ಓಕ್ಲಹೋಮಾ ಈ ಎರಡರ ನಡುವಿನದಲ್ಲ, ತನ್ನದೇ ಹಾದಿಯದು. ಎಸಳುಗಳು ನಲವತ್ತಕ್ಕೂ ಹೆಚ್ಚು. ಹೂವು ದೊಡ್ಡದು, ದುಂಡನೆಯದು, ಬಹಳ ಭಾರ. ಮೂರರಲ್ಲಿ ಅತಿ ಗಾಢವಾದ ಪರಿಮಳ ಇದರದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಜೆ ಒಂದು ಹೂವನ್ನು ಕೋಣೆಯಲ್ಲಿಟ್ಟರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಆದರೆ ದಂಟಿನ ಕತ್ತು ಈ ಭಾರವನ್ನು ಹೊರಲಾರದೆ ಬಾಗುವುದರಿಂದ ಹೂವು ನೆಲದ ಕಡೆ ನೋಡುತ್ತದೆ. ಜುಲೈ-ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹೊರ ಎಸಳುಗಳು ಒಂದಕ್ಕೊಂದು ಅಂಟಿಕೊಂಡು, ಮೊಗ್ಗು ಅರಳದೆ ಉಂಡೆಯಾಗಿಯೇ ಕೊಳೆಯುತ್ತದೆ. ಬಣ್ಣವೂ ಹಳತಾದಂತೆ ನೇರಳೆಗೆ ತಿರುಗುತ್ತದೆ. ಕಡುಗೆಂಪು ಗುಲಾಬಿಗಳಲ್ಲೆಲ್ಲ ಎಸಳು ಮಾಗಿದಂತೆ ಜೀವಕೋಶದ ರಸದ ಆಮ್ಲೀಯತೆ ತಗ್ಗಿ ಕೆಂಪು ವರ್ಣದ್ರವ್ಯ ನೀಲಿಯ ಕಡೆ ವಾಲುವುದುಂಟು; ಆದರೆ ಓಕ್ಲಹೋಮಾದಲ್ಲಿ ಅದು ಬೇಗನೆ ಎದ್ದು ಕಾಣುತ್ತದೆ. ಓಕ್ಲಹೋಮಾ ರಾಜ್ಯವು 2004ರಲ್ಲಿ ಇದನ್ನು ರಾಜ್ಯ ಪುಷ್ಪವನ್ನಾಗಿ ಮಾಡಿಕೊಂಡಿತು. ಅಲ್ಲಿನ ಬಿರುಬೇಸಿಗೆಯನ್ನು ತಾಳುವ ಗಿಡ ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅಂಜುವುದಿಲ್ಲ, ಮತ್ತು ಆ ತಿಂಗಳುಗಳಲ್ಲಿ ಮೂರರ ಪೈಕಿ ತುಂಬಿದ ಹೂವು ಕೊಡುವುದು ಇದೊಂದೇ.

ಬೇಸಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ: ಗಾಢ ಬಣ್ಣದ ಎಸಳು ತೆಳು ಬಣ್ಣದ್ದಕ್ಕಿಂತ ಹೆಚ್ಚು ಶಾಖ ಹೀರುವುದರಿಂದ ಮಧ್ಯಾಹ್ನದ ಪಡುವಣ ಬಿಸಿಲಿಗೆ ಅಂಚು ಸುಟ್ಟು ಕರಕಲಾಗುತ್ತದೆ. ಅಂಚು ಕಂದಾದದ್ದೆಲ್ಲ ಬಿಸಿಲಿನದ್ದೇ ಎಂದುಕೊಳ್ಳಬಾರದು. ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿದಾಗ ಸಣ್ಣ ಗೀರಿನಂತಹ ಹುಳುಗಳು ಓಡಾಡಿದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಮಳೆಗಾಲದ ಕಪ್ಪು ಚುಕ್ಕೆ ರೋಗ ಮೂರಕ್ಕೂ ಬರುತ್ತದೆ. ಉದುರಿದ ಎಲೆಗಳನ್ನು ಆರಿಸಿ ತೆಗೆಯುವುದರಲ್ಲಿ ಅರ್ಧ ಚಿಕಿತ್ಸೆಯಿದೆ.

ಒಂದೇ ಗಿಡಕ್ಕೆ ಜಾಗವಿದ್ದವರಿಗೆ ನಾನು ಹೇಳುವುದು ಮಿಸ್ಟರ್ ಲಿಂಕನ್. ಅದು ವರ್ಷವಿಡೀ ಹೂ ಕೊಡುತ್ತದೆ, ಕಡಿಮೆ ಔಷಧ ಬೇಡುತ್ತದೆ. ಪಾಪಾ ಮೆಯಾಂ ಬೇಕೇ ಬೇಕೆನ್ನುವವರು ಅದನ್ನು ನೆಲಕ್ಕಿಂತ ಹದಿನಾಲ್ಕು ಅಂಗುಲದ ಕುಂಡದಲ್ಲಿ ಬೆಳೆಸುವುದು ಮೇಲು. ಮಳೆ ಹಿಡಿದಾಗ ಸೂರಿನಡಿಗೆ ಸರಿಸಬಹುದು, ಮತ್ತು ಅದು ಹೇಗೂ ದೊಡ್ಡ ಗಿಡವಾಗುವುದಿಲ್ಲ. ಓಕ್ಲಹೋಮಾವನ್ನು ಎತ್ತರದ ಕಟ್ಟೆಯ ಮೇಲೆ ನೆಟ್ಟರೆ ಬಾಗಿದ ಹೂವು ದಾರಿಯಲ್ಲಿ ನಿಂತವರ ಮುಖದ ಮಟ್ಟಕ್ಕೆ ಬಂದು, ಅದರ ದೋಷವೇ ಗುಣವಾಗುತ್ತದೆ. ಇವಲ್ಲದೆ ಬ್ಲ್ಯಾಕ್ ಬಕಾರಾ ಎಂಬ ಇನ್ನೂ ಕಪ್ಪಾದ ತಳಿಯೂ ಸಿಗುತ್ತದೆ, ಆದರೆ ಅದರಲ್ಲಿ ಪರಿಮಳ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಈ ಮೂರರ ಸಾಲಿಗೆ ಅದನ್ನು ನಾನು ಸೇರಿಸಲಾರೆ.

ಕೊಳ್ಳುವ ಕಾಲದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಪಾಪಾ ಮೆಯಾಂ ಎಂಬ ಚೀಟಿ ಕಟ್ಟಿ ನನಗೆ ಒಂದು ಕಡೆ ಮಾರಿದ ಸಸಿ ಹೂಬಿಟ್ಟಾಗ, ಪರಿಮಳವೇ ಇಲ್ಲದ ಯಾವುದೋ ಕೆಂಪು ಗುಲಾಬಿಯಾಗಿತ್ತು. ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ, ಗಿಡದಲ್ಲಿ ಹೂವಿರುವಾಗಲೇ ಹೋಗಿ ಮೂಸಿ ನೋಡಿ ಆರಿಸಬೇಕು. ಕಸಿಯ ಗಂಟು ಮಣ್ಣಿನ ಮೇಲೆ ಕಾಣುವಂತಿರಬೇಕು, ಅದರ ಮೇಲಿನಿಂದ ಕನಿಷ್ಠ ಎರಡು ಬಲವಾದ ಕೊಂಬೆಗಳು ಹೊರಟಿರಬೇಕು. ಗಂಟಿನ ಕೆಳಗಿನಿಂದ, ಎಲೆಯ ಬಣ್ಣವೂ ಮುಳ್ಳೂ ಬೇರೆಯಾಗಿ ಕಾಣುವ ಚಿಗುರು ಹೊರಟಿದ್ದರೆ ಅದು ಬೇರುಗಿಡದ್ದು. ಅದನ್ನು ಬುಡಸಮೇತ ಕಿತ್ತು ಕೊಡುವಂತೆ ಅಲ್ಲಿಯೇ ಕೇಳಿ.