ಬ್ರಿಟನ್ನಿನ ‘ಪ್ರಿವೆಂಟ್’ ತರಬೇತಿ ಬೆಂಗಳೂರಿನ ಶಾಲೆಗೆ ಒಗ್ಗುತ್ತಾ?

ಒಗ್ಗುತ್ತೆ, ಅರ್ಧ ಮಾತ್ರ. ಮಕ್ಕಳು ಉಗ್ರವಾದದ ಕಡೆ ವಾಲದಂತೆ ನೋಡಿಕೊಳ್ಳುವುದು ಬ್ರಿಟನ್ನಿನಲ್ಲಿ 2015ರ ಕಾಯ್ದೆಯಿಂದ ಶಾಲೆಯ ಮೇಲಿರುವ ಹೊಣೆ. ಅದಕ್ಕಾಗಿ ಅಲ್ಲಿನ ಗೃಹ ಇಲಾಖೆ ಸಿಬ್ಬಂದಿಗೆಂದು ಮಾಡಿಸಿದ ಈ ಆನ್‌ಲೈನ್ ಪಾಠಗಳಿಗೆ ಕಾಸು ಕೊಡಬೇಕಿಲ್ಲ. ಕನ್ನಡದಲ್ಲಿಲ್ಲ, ಉದಾಹರಣೆಗಳೂ ಅಲ್ಲಿನವೇ.

ಮೊದಲ ಪಾಠ ನೋಡಲೇಬೇಕು. ಗಮನಿಸು, ವಿಚಾರಿಸು, ತಿಳಿಸು ಎಂಬ ಮೂರು ಹೆಜ್ಜೆಗಳಲ್ಲಿ ನಡುವಿನದೇ ಜೀವಾಳ. ಎಂಟನೇ ಕ್ಲಾಸಿನ ಹುಡುಗ ಹಳೇ ಗೆಳೆಯರ ಜೊತೆ ಡಬ್ಬಿ ಬಿಚ್ಚುವುದು ಬಿಟ್ಟ, ‘ಅವರ ಜಾತಿಯೇ ಹಂಗೆ’ ಅನ್ನತೊಡಗಿದ ಅಂದುಕೊಳ್ಳಿ. ತಕ್ಷಣ ದೂರು ಬರೆಯಬೇಡಿ. ಕ್ಲಾಸ್ ಟೀಚರನ್ನೂ ಪಿಟಿ ಮೇಷ್ಟ್ರನ್ನೂ ಬೇರೆಬೇರೆಯಾಗಿ ಕೇಳಿ: ಯಾವಾಗಿನಿಂದ ಹೀಗೆ? ಮನೆಯಲ್ಲಿ ಸಾವುನೋವಾ? ಯಾರಾದರೂ ಕಾಡಿಸುತ್ತಿದ್ದಾರಾ? ಆಮೇಲೆ ಒಬ್ಬರೇ ಅವನ ಜೊತೆ ಕೂತು, ‘ಈ ಮಾತು ಎಲ್ಲಿ ಕೇಳಿದೆ?’ ಅನ್ನಿ. ‘ಯಾಕೆ ಹಂಗಂದೆ?’ ಅಂದರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಆಡಿದ್ದನ್ನು ಅವನ ಮಾತಲ್ಲೇ, ದಿನಾಂಕ ಹಾಕಿ ಬರೆದಿಡಿ. ನಿಮ್ಮ ಊಹೆ ಬೇರೆ ಕಾಲಂನಲ್ಲಿರಲಿ.

ಎಡವಟ್ಟಾಗುವುದು ಈ ಹೆಜ್ಜೆ ಹಾರಿದಾಗ. ಇಂಗ್ಲೆಂಡಿನ ಲೂಟನ್‌ನ ನರ್ಸರಿಯೊಂದರಲ್ಲಿ 4 ವರ್ಷದ ಮಗು ಸೌತೆಕಾಯಿ ಹೆಚ್ಚುವ ಚಿತ್ರ ಬರೆದು ‘ಕುಕುಂಬರ್’ ಅಂದದ್ದು ಸಿಬ್ಬಂದಿಗೆ ‘ಕುಕರ್ ಬಾಂಬ್’ ಅಂತ ಕೇಳಿಸಿತ್ತು. 2016ರಲ್ಲಿ ದೊಡ್ಡ ಸುದ್ದಿಯಾಯಿತು. ಲಕ್ಷಣಗಳ ಪಟ್ಟಿ ಹಿಡಿದು ಕೂತವರಿಗೆ ಎಲ್ಲ ಮಕ್ಕಳೂ ಅನುಮಾನವೇ. ಇಲ್ಲಾದರೆ ಗಡ್ಡ, ಕುಂಕುಮ, ಹಿಜಾಬ್‌ಗಳನ್ನೇ ‘ಲಕ್ಷಣ’ ಮಾಡಿಕೊಳ್ಳುವ ಅಪಾಯ ಬೇರೆ. ವೇಷ ಲಕ್ಷಣವಲ್ಲ, ನಡವಳಿಕೆಯಲ್ಲಾದ ಬದಲಾವಣೆ ಲಕ್ಷಣ.

ರೆಫರಲ್ ಪಾಠ, ಅಂದರೆ ಅನುಮಾನ ಬಂದ ಮಗುವಿನ ವಿಷಯ ಯಾರಿಗೆ, ಹೇಗೆ ಒಪ್ಪಿಸಬೇಕು ಅನ್ನುವುದು, ನಮಗೆ ದಂಡ. ಅದು ತೋರಿಸುವ ‘ಚಾನೆಲ್’, ಅಂದರೆ ಉಗ್ರವಾದದ ಕಡೆ ವಾಲುತ್ತಿರುವವರಿಗೆ ನೆರವು ಕೊಡುವ ಸ್ಥಳೀಯ ಸಮಿತಿ, ಇಲ್ಲಿಲ್ಲ. ಇಲ್ಲಿ ಹೆಡ್‌ಮಾಸ್ಟರ್ ಮತ್ತು ಕೌನ್ಸೆಲರ್ ಮೊದಲು, ಆಮೇಲೆ ಪೋಷಕರು. ಮಗು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದೊಡ್ಡವರು ಯಾರೋ ಬಳಸಿಕೊಳ್ಳುತ್ತಿದ್ದಾರೆ ಅನಿಸಿದರೆ ಮಕ್ಕಳ ಸಹಾಯವಾಣಿ 1098. ಉಗ್ರಗಾಮಿ ಗುಂಪು ಮಕ್ಕಳನ್ನು ಸೇರಿಸಿಕೊಂಡರೆ ಬಾಲನ್ಯಾಯ ಕಾಯ್ದೆ 2015ರ ಕಲಂ 83ರಲ್ಲಿ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡವಿದೆ. ಅಂದರೆ ಕಾನೂನಿನ ಕಣ್ಣಲ್ಲಿ ಮಗು ಬಲಿಪಶು. ಸ್ಟಾಫ್ ರೂಮಿನಲ್ಲಿ ಇದನ್ನು ಜೋರಾಗಿ ಓದಿಸಬೇಕು.

ಆ ಮಾತು ಮನೆಯ ವಾಟ್ಸಾಪ್ ಗ್ರೂಪಿನಿಂದಲೇ ಬಂದಿದ್ದರೆ? ಅಪ್ಪನನ್ನು ಕರೆಸಿ ಏನು ಹೇಳಬೇಕು ಅನ್ನುವುದಕ್ಕೆ ಈ ಪಾಠಗಳಲ್ಲಿ ಉತ್ತರ ಸಿಗಲ್ಲ. ಅದಕ್ಕೇ ಒಂದು ಸ್ಟಾರ್ ಕಡಿತ, ರೆಫರಲ್ ಪಾಠಕ್ಕೆ ಇನ್ನೊಂದು. 5ರಲ್ಲಿ 3.